ನೃತ್ಯದ ಮೆಟ್ಟು: ಅಂಗ, ಶೈಲಿ ಮತ್ತು ಸಾಮಗ್ರಿ

1. ಪೀಠಿಕೆ

‘ಬ್ಯಾಲೆ’ ಎಂಬ ಪದ ಕನ್ನಡಕ್ಕೆ ಬಂದು ಹಲವು ದಶಕಗಳಾಗಿವೆ. ನೃತ್ಯನಾಟಕ, ನೃತ್ಯರೂಪಕಗಳನ್ನು ಕುರಿತು ಬರೆಯುವವರು ಈ ಪದವನ್ನು ಪರ್ಯಾಯವಾಗಿ ನಿಸ್ಸಂಕೋಚವಾಗಿ ಬಳಸುತ್ತ ಬಂದಿದ್ದಾರೆ. ಆದರೆ ನಮ್ಮ ರಂಗದ ಮೇಲೆ ಬ್ಯಾಲೆ ಎಂದು ಕರೆಸಿಕೊಳ್ಳುವ ಪ್ರಯೋಗದಲ್ಲಿ ಕಲಾವಿದರ ಪಾದ ಸಾಮಾನ್ಯವಾಗಿ ಬರಿದಾಗಿಯೇ ಇರುತ್ತದೆ. ಪದ ಬಂದಿತು, ಆ ಪದ ಬೆಳೆದ ನಾಡುಗಳಲ್ಲಿ ಅದರೊಡನೆ ಹೆಣೆದುಕೊಂಡಿರುವ ಪಾದರಕ್ಷೆ ಬರಲಿಲ್ಲ.

ಇದಕ್ಕೆ ಚಾರಿತ್ರಿಕ ಕಾರಣಗಳಿವೆ. ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾ ಅವರೊಡನೆ 1923ರಲ್ಲಿ ಲಂಡನ್ನಿನಲ್ಲಿ ನರ್ತಿಸಿದ ಉದಯಶಂಕರ್ ಅವರು ಮುಂದೆ ರೂಪಿಸಿದ ಪ್ರಯೋಗಗಳು ಬ್ಯಾಲೆ ಎಂಬ ಹೆಸರನ್ನು ಉಳಿಸಿಕೊಂಡವೇ ಹೊರತು ಬ್ಯಾಲೆಯ ಪಾದವಿನ್ಯಾಸವನ್ನಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರು ಪಾವ್ಲೋವಾ ತಂಡದ ಕ್ಲಿಯೊ ನೋರ್ಡಿ ಅವರಲ್ಲಿ ಬ್ಯಾಲೆಯ ಪಾಠಗಳನ್ನು ಕಲಿತು, ಅನಂತರ ಭರತನಾಟ್ಯದ ಕಡೆಗೆ ತಿರುಗಿ, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಇಲ್ಲಿನ ಶಾಸ್ತ್ರೀಯ ನೃತ್ಯಕ್ಕೆ ಬರಿಗಾಲು ಕೊರತೆಯಲ್ಲ, ಅದೊಂದು ತತ್ತ್ವ. ತಟ್ಟಡವಿನಲ್ಲಿ ನೆಲವನ್ನು ತಟ್ಟಬೇಕಾದುದು ಅಂಗಾಲೇ. ಆದುದರಿಂದ ನಮ್ಮ ನೃತ್ಯವಿಮರ್ಶೆಯಲ್ಲಿ ಪಾದರಕ್ಷೆಯ ಚರ್ಚೆ ಬೆಳೆಯದೆ ಹೋದುದು ಸಹಜವೇ ಆಗಿದೆ.

ಆದರೆ ಇಂದಿನ ಪರಿಸ್ಥಿತಿ ಬೇರೆ. ಬೆಂಗಳೂರಿನಂತಹ ನಗರಗಳಲ್ಲಿ ಬ್ಯಾಲೆ, ಸಾಲ್ಸಾ, ಬಾಲ್‌ರೂಮ್ ನೃತ್ಯಗಳ ತರಗತಿಗಳು ನಡೆಯುತ್ತಿವೆ. ಜಗತ್ತಿನ ನೃತ್ಯಪ್ರಕಾರಗಳನ್ನು ಕುರಿತು ಕನ್ನಡದಲ್ಲಿ ಬರೆಯಬೇಕಾದ, ಅನುವಾದಿಸಬೇಕಾದ ಸಂದರ್ಭಗಳು ಹೆಚ್ಚುತ್ತಿವೆ. ಹಾಗೆ ಬರೆಯುವಾಗ ‘ವಿಶೇಷ ಪಾದರಕ್ಷೆ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುವುದರಿಂದ ನೃತ್ಯದ ಅರ್ಥವೇ ಅರ್ಧ ಮರೆಯಾಗುತ್ತದೆ. ಯುರೋಪು ಮತ್ತು ಅಮೆರಿಕದ ಪ್ರಮುಖ ನೃತ್ಯ ಪಾದರಕ್ಷೆಗಳ ಅಂಗಗಳು, ಶೈಲಿಗಳು, ಸಾಮಗ್ರಿಗಳು ಯಾವುವು, ಅವನ್ನು ಕನ್ನಡದಲ್ಲಿ ಹೇಗೆ ಗ್ರಹಿಸಬಹುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಗ್ರಹಿಕೆಗೆ ಕನ್ನಡದ ಒಂದು ಪದವೇ ದಾರಿ ತೋರಿಸುತ್ತದೆ. ಪಾದರಕ್ಷೆ ಎಂಬ ಸಂಸ್ಕೃತ ಪದ ಕಾಲನ್ನು ಕಾಯುವ ವಸ್ತುವನ್ನು ಸೂಚಿಸಿದರೆ, ಮೆಟ್ಟು ಎಂಬ ಕನ್ನಡ ಪದ ತುಳಿಯುವ ಕ್ರಿಯೆಯಿಂದಲೇ ಹೆಸರನ್ನು ಪಡೆದಿದೆ. ನೃತ್ಯದ ಪಾದರಕ್ಷೆಗೆ ಎರಡನೆಯ ಹೆಸರೇ ಹೆಚ್ಚು ಒಪ್ಪುತ್ತದೆ. ಬೀದಿಯ ಪಾದರಕ್ಷೆ ಕಾಲನ್ನು ನೆಲದಿಂದ ಬೇರ್ಪಡಿಸಿ ಕಾಯುತ್ತದೆ. ನೃತ್ಯದ ಮೆಟ್ಟು ಕಾಲನ್ನು ನೆಲದೊಡನೆ ಒಂದು ನಿರ್ದಿಷ್ಟ ಸಂಬಂಧಕ್ಕೆ ತರುತ್ತದೆ. ಆ ಸಂಬಂಧವನ್ನು ಮೂರು ಕ್ರಿಯಾಪದಗಳಲ್ಲಿ ಹೇಳಬಹುದು: ನಿಲ್ಲುವುದು, ಜಾರುವುದು, ನುಡಿಯುವುದು. ಒಂದು ಮೆಟ್ಟಿನ ಪ್ರತಿಯೊಂದು ಅಂಗವೂ ಈ ಕ್ರಿಯೆಗಳಲ್ಲಿ ಯಾವುದಕ್ಕೆ ದುಡಿಯುತ್ತಿದೆ ಎಂದು ಕೇಳಿಕೊಂಡರೆ ಅದರ ರಚನೆ ತಾನಾಗಿ ತಿಳಿಯುತ್ತದೆ.

2. ಸಾಮಾನ್ಯ ಅಂಗಗಳು

ಯಾವುದೇ ಮುಚ್ಚಿದ ಪಾದರಕ್ಷೆಯನ್ನು ಮೇಲ್ಭಾಗ, ತಳಭಾಗ ಎಂದು ಎರಡಾಗಿ ವಿಂಗಡಿಸಬಹುದು. ಮೇಲ್ಭಾಗದಲ್ಲಿ ಬೆರಳುಗಳನ್ನೂ ಪಾದದ ಮುಂಭಾಗವನ್ನೂ ಮುಚ್ಚುವ ಮುಂದಳವನ್ನು ವ್ಯಾಂಪ್ ಎನ್ನುತ್ತಾರೆ. ಹಿಮ್ಮಡಿಯನ್ನು ಎರಡು ಬದಿಗಳಿಂದ ಬಳಸಿ ಹಿಡಿಯುವುದು ಹಿಂದಳ. ಕಾಲು ತೂರಿಸುವ ತೆರಪು ಅದರ ಬಾಯಿ. ಬಾಯಿಯ ಅಂಚಿಗೆ ಹೊಲಿದ ಪಟ್ಟಿಯ ಒಳಗೆ ಸಣ್ಣ ಲಾಡಿಯೊಂದು ಹಾದುಹೋಗಿದ್ದರೆ, ಅದನ್ನು ಎಳೆದು ಬಿಗಿದು ಬಾಯಿಯನ್ನು ಪಾದಕ್ಕೆ ಹೊಂದಿಸಬಹುದು. ಪಟ್ಟಿ, ಬಕಲು, ದಾರ, ರಿಬ್ಬನ್ನುಗಳು ಮೆಟ್ಟು ಕಾಲಿನಿಂದ ಕಳಚದಂತೆ ನೋಡಿಕೊಳ್ಳುತ್ತವೆ.

ತಳಭಾಗಕ್ಕೆ ಚಮ್ಮಾರರ ಮಾತಿನಲ್ಲಿ ಅಟ್ಟೆ ಎಂಬ ಹೆಸರಿದೆ. ಅಂಗಾಲಿಗೆ ತಾಗುವುದು ಒಳಅಟ್ಟೆ, ನೆಲಕ್ಕೆ ತಾಗುವುದು ಹೊರಅಟ್ಟೆ. ಇವೆರಡರ ನಡುವೆ, ಪಾದದ ಕಮಾನಿನ ಕೆಳಗೆ, ಮೆಟ್ಟಿನ ಬೆನ್ನೆಲುಬಿನಂತೆ ಹಾದುಹೋಗುವ ಗಟ್ಟಿ ಪಟ್ಟಿಯೇ ಶ್ಯಾಂಕ್. ಹೀಲು ಇರುವ ಪಾದರಕ್ಷೆಗಳಲ್ಲಿ ಇದನ್ನು ಸಾಮಾನ್ಯವಾಗಿ ಉಕ್ಕಿನಿಂದ ಮಾಡುತ್ತಾರೆ. ಇದಿಲ್ಲದಿದ್ದರೆ ಎತ್ತರದ ಹೀಲಿನ ಮೇಲೆ ನಿಂತವರ ಭಾರಕ್ಕೆ ನಡುಭಾಗ ಕುಸಿಯುತ್ತದೆ. ಹೊರಅಟ್ಟೆ ಒಂದೇ ತುಂಡಾಗಿರಬಹುದು, ಅಥವಾ ಮುಂಗಾಲಿಗೊಂದು ಹಿಮ್ಮಡಿಗೊಂದು ಎಂದು ಎರಡು ತುಂಡಾಗಿರಬಹುದು. ಎರಡು ತುಂಡಿನ ಸೀಳಟ್ಟೆಯಲ್ಲಿ ಕಮಾನಿನ ಭಾಗ ಬಿಡುವಾಗಿದ್ದು ಪಾದ ಬಾಗುವ ರೇಖೆ ನೋಡುವವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಜಾಜ್ ನೃತ್ಯದ ಮೆಟ್ಟುಗಳಲ್ಲಿಯೂ ಬ್ಯಾಲೆಯ ಮೃದು ಮೆಟ್ಟುಗಳಲ್ಲಿಯೂ ಇದು ಹೆಚ್ಚಾಗಿ ಬಳಕೆಯಲ್ಲಿದೆ. ಒಂದೇ ತುಂಡಿನ ಅಟ್ಟೆ ಬಾಗುವಾಗ ಎದುರು ಬಲವನ್ನು ಒಡ್ಡುವುದರಿಂದ ಕಲಿಯುವ ಮಕ್ಕಳ ಪಾದದ ಸ್ನಾಯುಗಳು ಬಲಗೊಳ್ಳುತ್ತವೆಂದು ಅನೇಕ ಶಿಕ್ಷಕರು ಅದನ್ನೇ ಮೊದಲು ಕೊಡಿಸುತ್ತಾರೆ.

3. ನಿಲ್ಲುವ ಮೆಟ್ಟು

ಬೆರಳ ತುದಿಯ ಮೇಲೆ ನಿಲ್ಲುವ ಬ್ಯಾಲೆಯ ‘ಪಾಯಿಂಟ್ ಶೂ’ ನೃತ್ಯ ಪಾದರಕ್ಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಆದರೆ ಬ್ಯಾಲೆ ಹುಟ್ಟಿದಾಗ ಇದು ಇರಲಿಲ್ಲ. ಹದಿನಾಲ್ಕನೆಯ ಲೂಯಿ 1661ರಲ್ಲಿ ಪ್ಯಾರಿಸ್ಸಿನಲ್ಲಿ ರಾಜಾಶ್ರಯದ ನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದ ಕಾಲಕ್ಕೆ ಆಸ್ಥಾನದ ನರ್ತಕರು ಹೀಲಿರುವ ಬೂಟುಗಳನ್ನೇ ತೊಡುತ್ತಿದ್ದರು. ಹೀಲುಗಳು ಹದಿನೆಂಟನೆಯ ಶತಮಾನದಲ್ಲಿ ಕ್ರಮೇಣ ಮರೆಯಾದವು. ಫ್ರಾನ್ಸಿನ ಕ್ರಾಂತಿಯ ಅನಂತರ ಚಪ್ಪಟೆ ತಳದ ಮೃದು ಮೆಟ್ಟು ನೆಲೆಗೊಂಡಿತು. ಹೀಲು ಹೋದ ಮೇಲೆಯೇ ಪಾದ ಪೂರ್ತಿಯಾಗಿ ಚಾಚಲು, ಹಿಮ್ಮಡಿಯನ್ನು ಎತ್ತರಕ್ಕೆ ಎತ್ತಲು ಸಾಧ್ಯವಾಯಿತು.

1832ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಪ್ರದರ್ಶಿತವಾದ ‘ಲಾ ಸಿಲ್ಫಿದ್’ನಲ್ಲಿ ಮರಿ ತಾಲ್ಯೋನಿ ಬೆರಳ ತುದಿಯ ನಿಲುವನ್ನು ಕೇವಲ ಚಮತ್ಕಾರವಾಗಿ ಉಳಿಸದೆ ಭಾವದ ಭಾಷೆಯನ್ನಾಗಿಸಿದಳು. ನೆಲಕ್ಕೆ ತಾಗಿಯೂ ತಾಗದ ಅಮಾನುಷ ಜೀವಿಯೊಂದನ್ನು ಆ ನಿಲುವು ಸೂಚಿಸುತ್ತಿತ್ತು. ಅವಳು ತೊಟ್ಟದ್ದು ಅಕ್ಕಪಕ್ಕಗಳಲ್ಲಿಯೂ ತುದಿಯಲ್ಲಿಯೂ ದಾರದಿಂದ ಒತ್ತಾಗಿ ಹೊಲಿದು ಬಲಪಡಿಸಿದ ಸ್ಯಾಟಿನ್ ಮೆಟ್ಟು ಅಷ್ಟೇ. ಅದರೊಳಗೆ ಗಟ್ಟಿ ಕವಚ ಇರಲಿಲ್ಲ. ಭಾರವನ್ನು ಹೊತ್ತದ್ದು ಅವಳ ಪಾದದ ಬಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ನರ್ತಕಿಯರು ಹೆಚ್ಚು ಗಡುಸಾದ ಮೆಟ್ಟುಗಳನ್ನು ತೊಟ್ಟು ರಷ್ಯಾಕ್ಕೆ ಬಂದರು. 1895ರ ‘ಸ್ವಾನ್ ಲೇಕ್’ ಪ್ರಯೋಗದಲ್ಲಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತುಗಳನ್ನು ಸುತ್ತಿದಳು. ಇಂಥ ಸುತ್ತಿಗೆ ತುದಿ ಚಪ್ಪಟೆಯಾಗಿಯೂ ಗಟ್ಟಿಯಾಗಿಯೂ ಇರುವುದು ಅಗತ್ಯ. ಹೀಗೆ ನೃತ್ಯ ಮೆಟ್ಟನ್ನು ಬದಲಿಸಿತು, ಬದಲಾದ ಮೆಟ್ಟು ನೃತ್ಯವನ್ನು ಬದಲಿಸಿತು.

ಈ ಮೆಟ್ಟಿನ ಮುಖ್ಯ ಅಂಗ ಬೆರಳುಗಳನ್ನು ಸುತ್ತುವರಿಯುವ ಗಟ್ಟಿ ಕವಚ. ಇದನ್ನು ಬಾಕ್ಸ್ ಎನ್ನುತ್ತಾರೆ. ಇದು ಮರದ್ದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಗೋಣಿಯಂಥ ಒರಟು ಬಟ್ಟೆ, ಹತ್ತಿಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿ ಇದನ್ನು ಕಟ್ಟುತ್ತಾರೆ. ಸಾಂಪ್ರದಾಯಿಕವಾಗಿ ಈ ಅಂಟು ಹಿಟ್ಟಿನ ಗಂಜಿಯಿಂದ ತಯಾರಾದುದು. ಕವಚದ ಚಪ್ಪಟೆ ತುದಿಯೇ ನರ್ತಕಿ ನಿಲ್ಲುವ ನೆಲೆ. ಕವಚ ಎರಡೂ ಪಕ್ಕಗಳಿಗೆ ಚಾಚಿಕೊಂಡಿರುವ ಭಾಗಗಳು ರೆಕ್ಕೆಗಳು. ವ್ಯಾಂಪಿನ ಉದ್ದ ಬೆರಳುಗಳ ಬುಡದ ಕೀಲುಗಳನ್ನು ಮುಚ್ಚುವಷ್ಟಿರಬೇಕು. ಗಿಡ್ಡವಾದರೆ ಪಾದ ಮುಂದಕ್ಕೆ ಉಕ್ಕಿ ಬರುತ್ತದೆ. ಉದ್ದವಾದರೆ ಪಾದ ತುದಿಯವರೆಗೆ ಏರುವುದಿಲ್ಲ. ದೇಹದ ಭಾರವೆಲ್ಲ ಬೆರಳ ತುದಿಯ ಮೇಲೇ ಬೀಳುತ್ತದೆ ಎಂಬುದೂ ಪೂರ್ಣ ಸತ್ಯವಲ್ಲ. ಸರಿಯಾಗಿ ಹೊಂದಿದ ಮೆಟ್ಟಿನಲ್ಲಿ ಕವಚ ಮತ್ತು ರೆಕ್ಕೆಗಳು ಪಾದದ ಮುಂಭಾಗವನ್ನು ಸುತ್ತಲಿಂದ ಹಿಡಿಯುತ್ತವೆ, ಶ್ಯಾಂಕ್ ಕಮಾನನ್ನು ಕೆಳಗಿನಿಂದ ಆನಿಸುತ್ತದೆ, ಭಾರ ಹಂಚಿಹೋಗುತ್ತದೆ. ಹಾಗಾಗಿಯೇ ಇಲ್ಲಿ ಅಳತೆಯ ತಪ್ಪು ಅಂದಗೇಡು ಮಾತ್ರವಲ್ಲ, ಗಾಯಕ್ಕೆ ಕಾರಣ. ಸಾಕಷ್ಟು ವರ್ಷಗಳ ಅಭ್ಯಾಸದಿಂದ ಪಾದವೂ ಮೈಯೂ ಬಲಗೊಳ್ಳುವ ಮೊದಲು, ಸಾಮಾನ್ಯವಾಗಿ 11-12ರ ವಯಸ್ಸಿಗೆ ಮುಂಚೆ, ಮಕ್ಕಳಿಗೆ ಇದನ್ನು ತೊಡಿಸಬಾರದೆಂಬ ಎಚ್ಚರಿಕೆಯ ಕಾರಣವೂ ಇದೇ.

ಇದರ ತಯಾರಿಕೆಯ ವಿಧಾನ ಗಮನಾರ್ಹವಾಗಿದೆ. ಕುಶಲಕರ್ಮಿ ಮೆಟ್ಟನ್ನು ಒಳಮಗ್ಗುಲು ಹೊರಗಾಗಿಸಿ ಅಚ್ಚಿನ ಮೇಲೆ ಕಟ್ಟುತ್ತಾನೆ. ಸ್ಯಾಟಿನನ್ನು ತುದಿಯ ಕೆಳಗೆ ಸಣ್ಣ ನೆರಿಗೆಗಳಾಗಿ ಮಡಿಸಿ ಹೊರಅಟ್ಟೆಗೆ ಹೊಲಿದು, ಆಮೇಲೆ ಮೆಟ್ಟನ್ನು ಮಗುಚಿ ಸರಿಮಗ್ಗುಲಿಗೆ ತರುತ್ತಾನೆ. ಕವಚವನ್ನು ಸುತ್ತಿಗೆಯಿಂದ ತಟ್ಟಿ ರೂಪಕ್ಕೆ ತಂದು ಬಿಸಿ ಗೂಡಿನಲ್ಲಿ ಒಣಗಿಸುತ್ತಾರೆ. ಸಾಂಪ್ರದಾಯಿಕ ಪಾಯಿಂಟ್ ಶೂಗಳಲ್ಲಿ ಎಡ ಬಲಗಳ ಭೇದವಿಲ್ಲ. ತೊಟ್ಟು ಪಳಗಿಸಿದ ಮೇಲೆಯೇ ಒಂದು ಎಡದ್ದು, ಇನ್ನೊಂದು ಬಲದ್ದು ಆಗುತ್ತದೆ.

ಪಳಗಿಸುವುದು ನರ್ತಕಿಯ ಕೆಲಸ. ರಿಬ್ಬನ್ನು ಮತ್ತು ಎಲಾಸ್ಟಿಕ್ಕನ್ನು ಆಕೆಯೇ ತನ್ನ ಪಾದಕ್ಕೆ ಒಪ್ಪುವ ಜಾಗದಲ್ಲಿ ಹೊಲಿದುಕೊಳ್ಳುತ್ತಾಳೆ. ಶ್ಯಾಂಕನ್ನು ಕೈಯಿಂದ ಬಾಗಿಸುತ್ತಾಳೆ. ರಂಗದ ಮೇಲೆ ಸದ್ದಾಗದಿರಲೆಂದು ಕವಚವನ್ನು ಗಟ್ಟಿ ನೆಲಕ್ಕೆ ಬಡಿದು ಮೆದುಗೊಳಿಸುತ್ತಾಳೆ. ತುದಿ ಜಾರದಂತೆ ದಾರದಿಂದ ಒತ್ತಾಗಿ ಹೊಲಿಯುತ್ತಾಳೆ. ಇಷ್ಟೆಲ್ಲ ಶ್ರಮದ ಅನಂತರವೂ ಅಂಟು ಬೆವರಿಗೆ ಕರಗಿ, ಶ್ಯಾಂಕ್ ಸೋತು ಮೆಟ್ಟು ‘ಸಾಯುತ್ತದೆ’. ವೃತ್ತಿಪರ ನರ್ತಕಿಗೆ ಕಠಿಣವಾದ ಒಂದು ಪ್ರದರ್ಶನದಲ್ಲೇ ಒಂದು ಜೊತೆ ಮುಗಿದುಹೋಗುವುದುಂಟು.

4. ಜಾರುವ ಮೆಟ್ಟು

ಬಾಲ್‌ರೂಮ್ ನೃತ್ಯದ ಸ್ಪರ್ಧೆಗಳಲ್ಲಿ ಎರಡು ವರ್ಗಗಳಿವೆ. ವಾಲ್ಟ್ಸ್, ಟ್ಯಾಂಗೊ, ವಿಯೆನ್ನಾ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಎಂಬ ಐದು ಸ್ಟ್ಯಾಂಡರ್ಡ್ ವರ್ಗಕ್ಕೆ ಸೇರಿದರೆ, ಚಾ-ಚಾ, ಸಾಂಬಾ, ರುಂಬಾ, ಪಾಸೊ ಡೋಬ್ಲೆ, ಜೈವ್ ಎಂಬ ಐದು ಲ್ಯಾಟಿನ್ ವರ್ಗಕ್ಕೆ ಸೇರುತ್ತವೆ. ಎರಡರಲ್ಲಿಯೂ ಮೆಟ್ಟಿನ ಮುಖ್ಯ ಕೆಲಸ ನೆಲದ ಮೇಲೆ ಹದವಾಗಿ ಜಾರುವುದು.

‘ಹದವಾಗಿ’ ಎಂಬ ಮಾತು ಇಲ್ಲಿ ಮುಖ್ಯ. ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಅದನ್ನು ತೊಟ್ಟು ಸುತ್ತಿದರೆ ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ನೋವು ಮೊಣಕಾಲಿಗೆ ತಗಲುತ್ತದೆ. ನುಣುಪಾದ ಅಟ್ಟೆಯಾದರೆ ಕಾಲು ಹಿಡಿತ ತಪ್ಪುತ್ತದೆ. ಇವೆರಡರ ನಡುವಣ ಹದವನ್ನು ಸ್ವೇಡ್ ಚರ್ಮ ಒದಗಿಸುತ್ತದೆ. ಚರ್ಮದ ಒಳಮೈಯನ್ನು ಉಜ್ಜಿ ಸಣ್ಣ ನವಿರು ಎಬ್ಬಿಸಿದಾಗ ದೊರೆಯುವುದೇ ಸ್ವೇಡ್. ಈ ನವಿರು ಮೇಣ ಮತ್ತು ಧೂಳಿನಿಂದ ಒತ್ತಿಹೋದಾಗ ತಂತಿಯ ಬ್ರಷ್ಷಿನಿಂದ ಉಜ್ಜಿ ಮತ್ತೆ ಎಬ್ಬಿಸುತ್ತಾರೆ. ನೀರು, ಮಣ್ಣು ತಾಗಿದರೆ ಅದು ಕೆಡುವುದರಿಂದ ಈ ಮೆಟ್ಟನ್ನು ಬೀದಿಯಲ್ಲಿ ತೊಡುವುದಿಲ್ಲ.

ಶೈಲಿಯ ವ್ಯತ್ಯಾಸಗಳೂ ಚಲನೆಯಿಂದಲೇ ಹುಟ್ಟಿವೆ. ಸ್ಟ್ಯಾಂಡರ್ಡ್ ನೃತ್ಯದಲ್ಲಿ ಜೋಡಿ ಒತ್ತಾಗಿ ನಿಂತು ಇಡೀ ಅಂಗಳವನ್ನು ಸುತ್ತುತ್ತದೆ. ಸಂಗಾತಿಯ ಪಾದ ಹತ್ತಿರದಲ್ಲೇ ಇರುವುದರಿಂದ ಮಹಿಳೆಯರ ಮೆಟ್ಟು ಬೆರಳುಗಳನ್ನು ಪೂರ್ತಿ ಮುಚ್ಚಿರುತ್ತದೆ. ಹೀಲು ಸುಮಾರು 2ರಿಂದ 2.5 ಅಂಗುಲ. ಲ್ಯಾಟಿನ್ ನೃತ್ಯದಲ್ಲಿ ಸೊಂಟದ ಚಲನೆಯೇ ಪ್ರಧಾನ. ಭಾರವನ್ನು ಮುಂಗಾಲಿನ ಮೇಲೆ ಇರಿಸಲು ಹೀಲು 2.5ರಿಂದ 3 ಅಂಗುಲಕ್ಕೆ ಏರುತ್ತದೆ. ಬೆರಳುಗಳು ನೆಲವನ್ನು ಅರಸಿ ಹಿಡಿಯಬೇಕಾದುದರಿಂದ ಮುಂಭಾಗ ತೆರೆದ, ಪಟ್ಟಿಗಳ ಮೆಟ್ಟು ಬಳಕೆಯಲ್ಲಿದೆ. ಪುರುಷರ ಸ್ಟ್ಯಾಂಡರ್ಡ್ ಬೂಟಿಗೆ ಸುಮಾರು 1 ಅಂಗುಲದ ಹೀಲಿದ್ದರೆ, ಲ್ಯಾಟಿನ್ ಬೂಟಿಗೆ ಸುಮಾರು 1.5 ಅಂಗುಲದ ‘ಕ್ಯೂಬನ್’ ಹೀಲು ಇರುತ್ತದೆ.

ನಿಲ್ಲುವುದು, ಜಾರುವುದು ಎರಡೂ ಘರ್ಷಣೆಯ ಲೆಕ್ಕಾಚಾರಗಳೇ ಎಂಬುದಕ್ಕೆ ಬ್ಯಾಲೆಯವರು ಬಳಸುವ ರಾಳ ಒಳ್ಳೆಯ ನಿದರ್ಶನ. ಪಿಟೀಲಿನ ಕಮಾನಿಗೆ ಹಚ್ಚುವ ರಾಳವನ್ನೇ ಪುಡಿಮಾಡಿ ರಂಗದ ಪಕ್ಕದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ನರ್ತಕರು ಅದರಲ್ಲಿ ಪಾದವನ್ನು ತುಳಿದು ರಂಗಕ್ಕೆ ಹೋಗುತ್ತಾರೆ. ನಿಂತ ಪಾದವನ್ನು ರಾಳ ಬಲವಾಗಿ ಹಿಡಿಯುತ್ತದೆ. ಸುತ್ತು ಆರಂಭವಾದ ಮೇಲೆ ಹಿಡಿತ ಸಡಿಲಗೊಳ್ಳುತ್ತದೆ. ಕಮಾನಿಗೂ ತಂತಿಗೂ ಇರುವ ಸಂಬಂಧವೇ ಇಲ್ಲಿ ಪಾದಕ್ಕೂ ನೆಲಕ್ಕೂ ಏರ್ಪಡುತ್ತದೆ.

5. ನುಡಿಯುವ ಮೆಟ್ಟು

ಮೂರನೆಯ ವರ್ಗದಲ್ಲಿ ಮೆಟ್ಟು ವಾದ್ಯವಾಗುತ್ತದೆ. ಸ್ಪೇನಿನ ಆಂದಲೂಸಿಯಾ ಪ್ರಾಂತದ ಫ್ಲಮೆಂಕೊ ನೃತ್ಯದಲ್ಲಿ ಕಾಲಿನ ತಾಳಗೆಲಸಕ್ಕೆ ‘ಸಪತೆಯಾದೊ’ ಎಂಬ ಹೆಸರಿದೆ. ಈ ಹೆಸರು ಪಾದರಕ್ಷೆ ಎಂಬ ಅರ್ಥದ ‘ಸಪಾತೊ’ ಪದದಿಂದಲೇ ಬಂದಿದೆ. ಮುಂಗಾಲಿನ ಬಡಿತ, ಹಿಮ್ಮಡಿಯ ಬಡಿತ, ಬೆರಳ ತುದಿಯ ಬಡಿತ, ಇಡೀ ಪಾದದ ಬಡಿತ ಇವುಗಳಿಗೆ ಬೇರೆ ಬೇರೆ ಹೆಸರುಗಳಿವೆ, ಬೇರೆ ಬೇರೆ ನಾದಗಳಿವೆ. ಈ ನಾದಭೇದಕ್ಕಾಗಿ ಅಟ್ಟೆಯ ಮುಂಭಾಗಕ್ಕೂ ಮರದ ಹೀಲಿನ ತಳಕ್ಕೂ ಸಣ್ಣ ಮೊಳೆಗಳನ್ನು ಒತ್ತೊತ್ತಾಗಿ ಹೊಡೆದಿರುತ್ತಾರೆ. ಬಡಿತದ ಹೊಡೆತವನ್ನು ತಾಳಿಕೊಳ್ಳಲು ಮೇಲ್ಭಾಗದ ಚರ್ಮ ದಪ್ಪವಾಗಿರುತ್ತದೆ, ಹೊಲಿಗೆ ಬಿಗಿಯಾಗಿರುತ್ತದೆ. ಬಿರುಸಿನ ಕಾಲ್ಗೆಲಸ ಗಂಡಸರ ಕ್ಷೇತ್ರ ಎಂದು ಭಾವಿಸಿದ್ದ ಕಾಲದಲ್ಲಿ ಕಾರ್ಮೆನ್ ಅಮಾಯಾ (ನಿಧನ 1963) ಷರಾಯಿ ತೊಟ್ಟು, ಆ ಬಿರುಸನ್ನು ತನ್ನದಾಗಿಸಿಕೊಂಡು ನರ್ತಿಸಿದಳು.

ಅಮೆರಿಕದ ಟ್ಯಾಪ್ ನೃತ್ಯದ ಹಿನ್ನೆಲೆ ನೋವಿನದು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು 1739ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ದಂಗೆಯೆದ್ದ ಅನಂತರ, 1740ರಲ್ಲಿ ಅಲ್ಲಿ ಜಾರಿಗೆ ಬಂದ ಕಾನೂನು ಗುಲಾಮರು ಮದ್ದಳೆಗಳನ್ನು ಬಳಸುವುದನ್ನು ನಿಷೇಧಿಸಿತು. ವಾದ್ಯವನ್ನು ಕಿತ್ತುಕೊಂಡ ಕಡೆ ಕೈ ಮತ್ತು ಕಾಲುಗಳೇ ಲಯವನ್ನು ಕಾಪಾಡಿದವು. ಈ ಪರಂಪರೆ ಐರ್ಲೆಂಡಿನ ಜಿಗ್ ಮತ್ತು ಇಂಗ್ಲೆಂಡಿನ ಮರದ ಮೆಟ್ಟಿನ ಕುಣಿತಗಳೊಡನೆ ಬೆರೆತು ಹತ್ತೊಂಬತ್ತನೆಯ ಶತಮಾನದಲ್ಲಿ ಟ್ಯಾಪ್ ರೂಪುಗೊಂಡಿತು. ಮೊದಲಿಗೆ ಅಟ್ಟೆ ಮರದ್ದಾಗಿತ್ತು. ಲೋಹದ ಫಲಕಗಳು ರೂಢಿಗೆ ಬಂದ ಮೇಲೆಯೂ ಬಿಲ್ ರಾಬಿನ್ಸನ್ (1878-1949) ಮರದ ಅಟ್ಟೆಯ ನಾದವನ್ನೇ ಉಳಿಸಿಕೊಂಡಿದ್ದರು. ಇಂದಿನ ಟ್ಯಾಪ್ ಬೂಟಿನಲ್ಲಿ ಬೆರಳ ಕೆಳಗೊಂದು, ಹೀಲಿನ ಕೆಳಗೊಂದು ಲೋಹದ ಫಲಕವಿರುತ್ತದೆ. ಇದು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು. ಫಲಕವನ್ನು ತಿರುಪುಗಳಿಂದ ಕೂಡಿಸಿರುತ್ತಾರೆ. ತಿರುಪನ್ನು ತುಸು ಸಡಿಲಿಸಿದರೆ ಅಥವಾ ಬಿಗಿದರೆ ನಾದ ಬದಲಾಗುತ್ತದೆ. ಮದ್ದಳೆಯನ್ನು ಶ್ರುತಿಗೊಳಿಸುವಂತೆ ನರ್ತಕ ತನ್ನ ಬೂಟನ್ನು ಶ್ರುತಿಗೊಳಿಸುತ್ತಾನೆ. ಈ ಫಲಕಕ್ಕೆ ಕನ್ನಡದಲ್ಲಿ ಹೊಸ ಪದವನ್ನು ಹುಡುಕಬೇಕಾಗಿಲ್ಲ. ಹಳ್ಳಿಯ ಕೆರಗಳಿಗೂ ಬೂಟುಗಳಿಗೂ ಸವೆಯದಿರಲೆಂದು ಹೊಡೆಸುತ್ತಿದ್ದ ಲಾಳವೇ ಇದಕ್ಕೆ ಸಮೀಪದ ವಸ್ತು.

6. ಸಾಮಗ್ರಿಯ ವಿಚಾರ

ಮೇಲಿನ ವಿವರಣೆಯಲ್ಲಿ ಚರ್ಮ ಮತ್ತೆ ಮತ್ತೆ ಬಂದಿದೆ. ಆದರೆ ಚರ್ಮ ಒಂದೇ ಬಗೆಯ ಸಾಮಗ್ರಿಯಲ್ಲ. ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ ಗಟ್ಟಿಯಾಗಿಯೂ ಬಿಗಿಯಾಗಿಯೂ ಇರುತ್ತದೆ. ಒತ್ತಿದ ರೂಪವನ್ನು ಉಳಿಸಿಕೊಳ್ಳುತ್ತದೆ. ಅಟ್ಟೆಗೂ ಶ್ಯಾಂಕಿಗೂ ಇದು ಯೋಗ್ಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಕ್ರೋಮಿಯಂ ಲವಣಗಳ ಹದದಿಂದ ದೊರೆಯುವ ಚರ್ಮ ಮೆತ್ತಗೆ, ಬಳುಕುವಂತಿದ್ದು ಮೇಲ್ಭಾಗಕ್ಕೂ ಸ್ವೇಡಿಗೂ ಒದಗುತ್ತದೆ. ಮೊದಲನೆಯ ಹದದ ಜ್ಞಾನ ನಮ್ಮಲ್ಲಿಯೂ ಜೀವಂತವಾಗಿದೆ. ಅಥಣಿ, ನಿಪ್ಪಾಣಿಗಳ ಕಡೆ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸುವುದು ಸಂಪ್ರದಾಯ. 2019ರಲ್ಲಿ ಈ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಗೂ ಅನ್ವಯಿಸುತ್ತದೆ.

ಚರ್ಮದ ಜೊತೆಗೆ ಬಟ್ಟೆಗೂ ತನ್ನದೇ ಸ್ಥಾನವಿದೆ. ಅಭ್ಯಾಸದ ಮೆಟ್ಟಿಗೆ ಒಗೆಯಬಹುದಾದ ಕ್ಯಾನ್ವಾಸ್, ಪ್ರದರ್ಶನಕ್ಕೆ ಬೆಳಕನ್ನು ಹಿಡಿದು ಹೊಳೆಯುವ ಸ್ಯಾಟಿನ್ ಬಳಕೆಯಾಗುತ್ತವೆ. ಇತ್ತೀಚಿನ ಸೇರ್ಪಡೆ ಪ್ಲಾಸ್ಟಿಕ್ ಜಾತಿಯ ಸ್ಥಿತಿಸ್ಥಾಪಕ ಸಾಮಗ್ರಿ. ಅಮೆರಿಕದ ಗೇನರ್ ಮಿಂಡೆನ್ ಸಂಸ್ಥೆ 1993ರಲ್ಲಿ ಇಂಥ ಸಾಮಗ್ರಿಯ ಕವಚ ಮತ್ತು ಶ್ಯಾಂಕುಗಳಿರುವ ಪಾಯಿಂಟ್ ಶೂವನ್ನು ಮಾರುಕಟ್ಟೆಗೆ ತಂದಿತು. ಅದು ಬೆವರಿಗೆ ಕರಗುವುದಿಲ್ಲ, ಹೆಚ್ಚು ಕಾಲ ಬಾಳುತ್ತದೆ. ಆದರೂ ಗಂಜಿ ಮತ್ತು ಬಟ್ಟೆಯ ಮೆಟ್ಟು ಮರೆಯಾಗಿಲ್ಲ. ಅದು ಪಾದಕ್ಕೆ ಮಣಿಯುವ ರೀತಿಯನ್ನು ಬಯಸುವ ನರ್ತಕಿಯರು ಇಂದಿಗೂ ಅನೇಕರಿದ್ದಾರೆ.

ಸಾಮಗ್ರಿಯ ಬಣ್ಣವೂ ನಿರಪೇಕ್ಷವಲ್ಲ. ಬ್ಯಾಲೆ ಮೆಟ್ಟಿನ ನಸುಗೆಂಪು ಬಣ್ಣ ಬಿಳಿಯ ನರ್ತಕಿಯ ಕಾಲಿನ ರೇಖೆಯನ್ನು ತುದಿಯವರೆಗೆ ಮುಂದುವರಿಸಲೆಂದು ಬಂದದ್ದು. ಕಪ್ಪು ನರ್ತಕಿಯ ಕಾಲಿನಲ್ಲಿ ಅದೇ ಬಣ್ಣ ರೇಖೆಯನ್ನು ಕತ್ತರಿಸುತ್ತದೆ. 1969ರಲ್ಲಿ ಸ್ಥಾಪಿತವಾದ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತಂಡ 1970ರ ದಶಕದಲ್ಲಿಯೇ ಕಲಾವಿದೆಯರ ಮೈಬಣ್ಣಕ್ಕೆ ಹೊಂದುವಂತೆ ಮೆಟ್ಟುಗಳಿಗೆ ಬಣ್ಣ ಕಟ್ಟುವ ಪದ್ಧತಿಯನ್ನು ತಂದಿತು. ಇತರ ಕಪ್ಪು ನರ್ತಕಿಯರು ದಶಕಗಳ ಕಾಲ ಮುಖಕ್ಕೆ ಹಚ್ಚುವ ಪ್ರಸಾಧನವನ್ನು ಮೆಟ್ಟಿಗೆ ಬಳಿದುಕೊಂಡರು. ಲಂಡನ್ನಿನ ಫ್ರೀಡ್ ಸಂಸ್ಥೆ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆಗೂಡಿ ಕಂದು ಮತ್ತು ಕಂಚಿನ ಬಣ್ಣದ ಪಾಯಿಂಟ್ ಶೂಗಳನ್ನು ತಂದದ್ದು 2018ರಲ್ಲಿ. ಯಾರ ಪಾದವನ್ನು ‘ಸಹಜ’ವೆಂದು ಭಾವಿಸಲಾಗಿದೆ ಎಂಬುದನ್ನು ಒಂದು ಮೆಟ್ಟಿನ ಬಣ್ಣ ಹೇಳಬಲ್ಲುದು.

7. ಮಾಡುವ ಕೈ, ಹೇಳುವ ಮಾತು

1929ರಲ್ಲಿ ಆರಂಭವಾದ ಇದೇ ಫ್ರೀಡ್ ಸಂಸ್ಥೆಯ ಮೆಟ್ಟುಗಳ ಅಟ್ಟೆಯ ಮೇಲೆ ಒಂದು ಸಣ್ಣ ಗುರುತು ಇರುತ್ತದೆ: ಒಂದು ಅಕ್ಷರ ಅಥವಾ ಒಂದು ಚಿತ್ರ. ಅದು ಆ ಜೊತೆಯನ್ನು ಕಟ್ಟಿದ ಕುಶಲಕರ್ಮಿಯ ಗುರುತು. ನರ್ತಕಿಯರು ವರ್ಷಗಟ್ಟಲೆ ಒಬ್ಬನೇ ಕುಶಲಕರ್ಮಿಯ ಮೆಟ್ಟನ್ನು ಕೇಳಿ ತರಿಸಿಕೊಳ್ಳುತ್ತಾರೆ. ಆತ ನಿವೃತ್ತನಾದರೆ ಚಿಂತೆಗೀಡಾಗುತ್ತಾರೆ. ಪ್ರೇಕ್ಷಕರಿಗೆ ಈ ಗುರುತು ಕಾಣುವುದಿಲ್ಲ. ಆದರೆ ತೊಡುವವಳಿಗೆ ಮಾಡಿದವನು ಗೊತ್ತು. ವಚನದ ಕೊನೆಯಲ್ಲಿ ಬರುವ ಅಂಕಿತವನ್ನು ಓದಿ ಬಲ್ಲ ನಮಗೆ ಈ ಅಂಕಿತದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಈ ಬೆಳಕಿನಲ್ಲಿ ನಮ್ಮ ರಂಗವನ್ನು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ನಂದಿಕೇಶ್ವರನ ‘ಅಭಿನಯದರ್ಪಣ’ ನರ್ತಕಿಯ ಕಾಲಿನ ಕಿರುಗೆಜ್ಜೆಗಳನ್ನು ಕಂಚಿನಿಂದ ಮಾಡಿ ನೀಲಿ ದಾರದಲ್ಲಿ ಕಟ್ಟಬೇಕೆನ್ನುತ್ತದೆ. ಇಂದು ಭರತನಾಟ್ಯದಲ್ಲಿ ಸಾಮಾನ್ಯವಾಗಿ ಕಟ್ಟುವುದು ಚರ್ಮದ ಪಟ್ಟಿಗೆ ಹೊಲಿದ ಗೆಜ್ಜೆಗಳನ್ನು. ಮೃದಂಗದ, ಮದ್ದಳೆಯ ಮುಖವೂ ಚರ್ಮದ್ದೇ. ಹಾಗಾದರೆ ಚರ್ಮ ನಮ್ಮ ರಂಗದಿಂದ ಎಂದೂ ಹೊರಗುಳಿದಿಲ್ಲ. ಗೆಜ್ಜೆಪೂಜೆಯಲ್ಲಿ ಗೆಜ್ಜೆಯ ಜೊತೆಗೆ ಅದನ್ನು ಹೊತ್ತ ಚರ್ಮಕ್ಕೂ ಪೂಜೆ ಸಲ್ಲುತ್ತದೆ. ಹೊರಗುಳಿದದ್ದು ಅದನ್ನು ಹದ ಮಾಡಿದವನ, ಹೊಲಿದವನ ಹೆಸರು ಮತ್ತು ಅವನ ಮಾತು. ನೃತ್ಯಗಾರ್ತಿಯ, ಗುರುವಿನ, ವಾದ್ಯಗಾರರ ಹೆಸರುಗಳನ್ನು ದಾಖಲಿಸುವ ನಮ್ಮ ನೃತ್ಯಚರಿತ್ರೆಗಳು ಗೆಜ್ಜೆಪಟ್ಟಿ ಹೊಲಿದವರನ್ನು ದಾಖಲಿಸುವುದು ವಿರಳ.

ಈ ಮೌನ ನಮ್ಮ ಪಾರಿಭಾಷಿಕ ಪದರಚನೆಯಲ್ಲಿಯೂ ಮುಂದುವರಿದಿದೆ. ಹೊಸ ವಿಷಯವೊಂದು ಬಂದಾಗ ಸಂಸ್ಕೃತ ಧಾತುಗಳಿಂದ ಪದ ಕಟ್ಟುವುದು ಅಥವಾ ಇಂಗ್ಲಿಷ್ ಪದವನ್ನು ಹಾಗೆಯೇ ಉಳಿಸಿಕೊಳ್ಳುವುದು ನಮಗೆ ರೂಢಿ. ಸಂಸ್ಕೃತ ಪರಂಪರೆಯ ಉಪಯುಕ್ತತೆಯನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ನಾಟ್ಯಶಾಸ್ತ್ರ ಹೇಳುವ ಉದ್ಘಟ್ಟಿತ, ಸಮ, ಅಗ್ರತಲಸಂಚರ, ಅಂಚಿತ, ಕುಂಚಿತ ಎಂಬ ಐದು ಪಾದಭೇದಗಳು ಪಾದದ ಚಲನೆಯನ್ನು ವಿವರಿಸಲು ಇಂದಿಗೂ ಸಮರ್ಥವಾಗಿವೆ. ಆದರೆ ಪಾದರಕ್ಷೆಯ ರಚನೆಯನ್ನು ವಿವರಿಸುವ ಪದಗಳು ಶಾಸ್ತ್ರಗ್ರಂಥಗಳಿಗಿಂತ ಚಮ್ಮಾರರ, ಸಮಗಾರರ ದುಡಿಮೆಯ ಜಾಗದಲ್ಲಿವೆ. ಅಟ್ಟೆ, ಅಚ್ಚು, ಹದ, ಲಾಳ, ರಂಪಿಗೆ, ದಬ್ಬಳ ಇವು ಕೋಶಗಳಲ್ಲಿ ಸೇರಿದ್ದರೂ ನಮ್ಮ ಬರವಣಿಗೆಯಲ್ಲಿ ಸೇರಿಲ್ಲ. ಈ ಲೇಖನದಲ್ಲಿ ಒಳಅಟ್ಟೆ, ಹೊರಅಟ್ಟೆ, ಸೀಳಟ್ಟೆ, ಮುಂದಳ, ಹಿಂದಳ ಎಂಬ ರೂಪಗಳನ್ನು ಪ್ರಯೋಗಾರ್ಥವಾಗಿ ಬಳಸಲಾಗಿದೆ. ಇವುಗಳಿಗಿಂತ ಉತ್ತಮವಾದ ಪದಗಳು ಕಸುಬಿನವರ ಬಾಯಲ್ಲಿ ಇದ್ದಲ್ಲಿ ಇವನ್ನು ಕೈಬಿಡಬೇಕು. ಆ ಪದಗಳನ್ನು ಕೇಳಿ ದಾಖಲಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ.

ಹಾವುಗೆ, ಚಮ್ಮಾವುಗೆ, ಕೆರ, ಎಕ್ಕಡ, ಜೋಡು, ಮೆಟ್ಟು ಎಂದು ಪಾದರಕ್ಷೆಗೆ ಹಲವು ಹೆಸರುಗಳಿರುವ ಭಾಷೆ ಕನ್ನಡ. ಇವುಗಳಲ್ಲಿ ಚಮ್ಮಾವುಗೆ ಎಂಬ ಪದ ಹನ್ನೆರಡನೆಯ ಶತಮಾನದ ಶರಣ ಹರಳಯ್ಯನ ಕಥೆಯನ್ನು ನೆನಪಿಗೆ ತರುತ್ತದೆ. ತನ್ನ ಒಂದು ಶರಣಿಗೆ ಎರಡು ಶರಣೆಂದ ಬಸವಣ್ಣನವರ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆಯನ್ನು ಮಾಡಿದರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು ಎಂಬುದು ಆ ಕಥೆಯ ಪ್ರಸಿದ್ಧ ರೂಪ. ಮಾಡಿದವರ ಮೈ ಮೆಟ್ಟಿನಲ್ಲಿದೆ ಎಂಬ ಅರಿವನ್ನು ಇದಕ್ಕಿಂತ ಬಲವಾಗಿ ಹೇಳುವ ಕಥೆ ಕನ್ನಡದಲ್ಲಿ ಮತ್ತೊಂದಿಲ್ಲವೆಂದು ತೋರುತ್ತದೆ.

ಒಟ್ಟಿನಲ್ಲಿ, ನೃತ್ಯದ ಮೆಟ್ಟನ್ನು ವೇಷದ ಒಂದು ಭಾಗವೆಂದಷ್ಟೇ ಭಾವಿಸದೆ, ಪಾದ ಮತ್ತು ನೆಲಗಳ ನಡುವಣ ಸಂಬಂಧವನ್ನು ನಿರ್ಧರಿಸುವ ಉಪಕರಣವೆಂದು ಗ್ರಹಿಸಬೇಕಾಗಿದೆ. ಕವಚವಾಗಲಿ, ಸ್ವೇಡಾಗಲಿ, ಮೊಳೆಯಾಗಲಿ, ಲಾಳವಾಗಲಿ ಆಯಾ ನೃತ್ಯದ ಅಗತ್ಯದಿಂದ ಹುಟ್ಟಿವೆ. ಆ ಅಗತ್ಯವನ್ನು ಒಬ್ಬ ಕುಶಲಕರ್ಮಿ ತನ್ನ ಕೈಯಲ್ಲಿ ಅರ್ಥಮಾಡಿಕೊಂಡಿದ್ದಾನೆ. ನೃತ್ಯವನ್ನು ಕುರಿತು ಕನ್ನಡದಲ್ಲಿ ಬರೆಯುವವರು ಆ ಕೈಯ ಮಾತನ್ನೂ ಕಲಿತುಕೊಂಡರೆ ನಮ್ಮ ವಿಮರ್ಶೆಯ ಭಾಷೆ ಖಚಿತವಾಗುತ್ತದೆ, ಜೊತೆಗೆ ಬಹುಕಾಲದಿಂದ ಬಾಕಿಯಿರುವ ಒಂದು ಋಣದ ಅಲ್ಪಭಾಗವಾದರೂ ಸಂದಾಯವಾಗುತ್ತದೆ.